ಚನ್ನಪಟ್ಟಣದ ಹತ್ತಿರ ಹಳ್ಳಿಮನೆ, ಎಂ.ಜಿ. ರಸ್ತೆಯಲ್ಲಿ ಆಫೀಸು: ವಾರಕ್ಕೆ 3 ದಿನದ ಓಡಾಟ ಆಗುವ ಮಾತೇ?

ಹಳ್ಳಿಯ ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವೀಗ ಇರುವುದು ವಿಜಯನಗರದಲ್ಲಿ, ಎರಡು ಬೆಡ್‌ರೂಮಿನ ಬಾಡಿಗೆ ಮನೆ, ತಿಂಗಳಿಗೆ 28,000 ರೂ. ಆಫೀಸು ಎಂ.ಜಿ. ರಸ್ತೆಯಲ್ಲಿ. ಮೆಟ್ರೊದಲ್ಲಿ ಮನೆ ಬಿಟ್ಟು ಕುರ್ಚಿಯಲ್ಲಿ ಕೂರುವಷ್ಟರಲ್ಲಿ 40 ನಿಮಿಷ. ವಾರಕ್ಕೆ 3 ದಿನ ಆಫೀಸಿಗೆ ಹೋಗಲೇಬೇಕು, 2 ದಿನ ಮನೆಯಿಂದ ಕೆಲಸ. ಮನೆಯವರದು ಪೂರ್ತಿ ಮನೆಯಿಂದಲೇ ಕೆಲಸ. ಮಗಳು ಎರಡನೇ ಕ್ಲಾಸು. ಅಮ್ಮ ಜೊತೆಗಿದ್ದಾರೆ, ಬಿಪಿ ಮಾತ್ರೆ ತಗೊಳ್ತಾರೆ.

ಚನ್ನಪಟ್ಟಣ ರೈಲ್ವೆ ಸ್ಟೇಷನ್ನಿಂದ 7 ಕಿ.ಮೀ. ದೂರದ ಹಳ್ಳಿಯಲ್ಲಿ 9,000 ರೂ. ಬಾಡಿಗೆಗೆ ಒಂದು ಒಳ್ಳೆಯ ಹೆಂಚಿನ ಮನೆ ನೋಡಿದ್ದೇವೆ. ಸುತ್ತ ತೆಂಗು, ಹಿಪ್ಪುನೇರಳೆ. ಬಾಡಿಗೆಯಲ್ಲೇ 19,000 ಉಳಿಯುತ್ತದೆ ಅನ್ನುವುದು ಮೇಲ್ನೋಟದ ಲೆಕ್ಕ. ರೈಲಾ, ಕಾರಾ? ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ? ಮನೆ ಒಪ್ಪಿಕೊಳ್ಳುವ ಮುಂಚೆ ಏನೇನು ನೋಡಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮೆಮು ಪಾಸು

ರೈಲೇ ಸರಿ. ಆದರೆ ಲೆಕ್ಕವನ್ನು ಸ್ಟೇಷನ್ನಿಂದ ಸ್ಟೇಷನ್ನಿಗೆ ಹಾಕಬೇಡಿ, ಹೊಸ್ತಿಲಿಂದ ಆಫೀಸಿನ ಬಾಗಿಲಿಗೆ ಹಾಕಿ. ಮನೆಯಿಂದ ಸ್ಟೇಷನ್ನಿಗೆ ಸ್ಕೂಟರಿನಲ್ಲಿ 18 ನಿಮಿಷ. ಗಾಡಿ ನಿಲ್ಲಿಸಿ ಪ್ಲಾಟ್‌ಫಾರಂ ಸೇರಿ ಕಾಯುವುದಕ್ಕೆ 10. ಅಲ್ಲಿಂದ ಬೆಂಗಳೂರು ಸಿಟಿ ಸ್ಟೇಷನ್ನಿಗೆ ಸುಮಾರು 56 ಕಿ.ಮೀ., ಯಾವ ಗಾಡಿ ಅನ್ನುವುದರ ಮೇಲೆ 1 ಗಂಟೆಯಿಂದ 1 ಕಾಲು ಗಂಟೆ. ಇಳಿದು ಮೆಟ್ರೊದ ತಪಾಸಣೆ ದಾಟುವುದಕ್ಕೆ 12, ಎಂ.ಜಿ. ರಸ್ತೆಗೆ ಇನ್ನೊಂದು 10, ನಡೆದು ಆಫೀಸು ಸೇರಲು 8. ಒಟ್ಟು 2 ಗಂಟೆ 10 ನಿಮಿಷದ ಆಸುಪಾಸು. ಹೋಗಿ ಬರುವುದಕ್ಕೆ ದಿನಕ್ಕೆ 4 ಗಂಟೆ 20 ನಿಮಿಷ, ಇದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ಕೆಟ್ಟ ದಿನಕ್ಕೆ ಇನ್ನೂ 40 ನಿಮಿಷ ಸೇರಿಸಿ. ಆ ಕೆಟ್ಟ ದಿನ ನಿಮ್ಮಿಂದ ಆಗುತ್ತದೆಯೇ ಎನ್ನುವುದೇ ನಿಜವಾದ ಪ್ರಶ್ನೆ.

ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹತ್ತಿದರೆ ಬೇಗ ಆಗುತ್ತದೆ ಎಂದು ಅನೇಕರು ಹೇಳುತ್ತಾರೆ. ವಿಜಯನಗರ, ಅತ್ತಿಗುಪ್ಪೆ ಕಡೆ ಕೆಲಸ ಇದ್ದವರಿಗೆ ಅದು ನಿಜ. ಎಂ.ಜಿ. ರಸ್ತೆಗೆ ಅಲ್ಲ. ಕೆಂಗೇರಿಯಲ್ಲಿ ರೈಲಿಂದ ಮೆಟ್ರೊವರೆಗೆ ನಡೆಯಬೇಕು, ಆಮೇಲೆ ಮೆಟ್ರೊದಲ್ಲಿ 35 ನಿಮಿಷಕ್ಕೂ ಹೆಚ್ಚು. ಹಾಗಿದ್ದರೂ ಕೆಂಗೇರಿಯನ್ನು ಮರೆಯಬೇಡಿ: ಸಿಟಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಖಾಲಿ ಇಲ್ಲದೆ ಗಾಡಿಗಳು ಹೊರಗೆ ಸಿಗ್ನಲ್ಲಿಗೆ ನಿಲ್ಲುತ್ತವೆ. ಅಂಥ ದಿನ ಕೆಂಗೇರಿಯಲ್ಲಿ ಇಳಿದವರೇ ಮೊದಲು ತಲುಪುತ್ತಾರೆ. ಸಿಟಿ ಸ್ಟೇಷನ್ನಿಗೆ ಅಂಟಿಕೊಂಡೇ ಮೆಟ್ರೊ ನೇರಳೆ ಮಾರ್ಗದ ಒಂದು ಸ್ಟೇಷನ್ ಇದೆ, ಮೆಜೆಸ್ಟಿಕ್‌ವರೆಗೆ ನಡೆಯಬೇಕಿಲ್ಲ.

ಪಾಸಿನ ವಿಷಯ. ತಿಂಗಳ ಪಾಸಿನ ದರ ಸುಮಾರು 15 ಬಿಡಿ ಟಿಕೆಟ್ಟಿನಷ್ಟು. ವಾರಕ್ಕೆ 3 ದಿನ ಎಂದರೆ ತಿಂಗಳಿಗೆ 13 ದಿನ, 26 ಪ್ರಯಾಣ. ಹಾಗಾಗಿ 3 ದಿನದವರಿಗೂ ಪಾಸೇ ಲಾಭ. 3 ತಿಂಗಳಿಗೆ ಒಟ್ಟಿಗೆ ಮಾಡಿಸಿದರೆ ತಿಂಗಳ ದರದ 2.7 ಪಟ್ಟು ಮಾತ್ರ. ಮುಗಿಯುವುದಕ್ಕೆ 10 ದಿನ ಮುಂಚೆಯೇ ನವೀಕರಿಸಬಹುದು, ರೈಲ್ವೆಯ ರೈಲ್‌ಒನ್ ಆ್ಯಪಿನಲ್ಲೂ ಆಗುತ್ತದೆ. ಪಾಸಿಗೆ ಕೊಟ್ಟ ಗುರುತಿನ ಚೀಟಿ ಜೇಬಿನಲ್ಲಿರಲಿ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಸೇರಿಸಿ ಪಾಸು ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಪಾಸಿಟ್ಟುಕೊಂಡು ರಿಸರ್ವೇಷನ್ ಬೋಗಿಗೆ ಹತ್ತಬೇಡಿ. ಟಿಕೆಟ್ ಇಲ್ಲದವರಂತೆಯೇ ಲೆಕ್ಕ: ದರದ ಜೊತೆಗೆ ಕನಿಷ್ಠ 250 ರೂ. ದಂಡ. ಬೆಳಗಿನ ಗಾಡಿಗಳು ಮೈಸೂರು, ಮಂಡ್ಯ, ಮದ್ದೂರಿನಲ್ಲೇ ತುಂಬಿಕೊಂಡು ಬರುತ್ತವೆ. ಚನ್ನಪಟ್ಟಣದಲ್ಲಿ ಸೀಟು ಸಿಗುತ್ತದೆಂದು ನಂಬಿಕೊಂಡು ಲ್ಯಾಪ್‌ಟಾಪ್ ತೆಗೆಯುವ ಯೋಜನೆ ಹಾಕಬೇಡಿ. ನಿಂತು ಹೋಗುವ ಲೆಕ್ಕದಲ್ಲೇ ಇರಿ.

ಮನೆ ಒಪ್ಪುವ ಮುಂಚೆ ಎರಡು ವಾರ, ನಿಮಗೆ ಬೇಕಾದ ಎರಡು ಬೆಳಗಿನ ಗಾಡಿ ಮತ್ತು ಎರಡು ಸಂಜೆಯ ಗಾಡಿ ನಿಜವಾಗಿ ಎಷ್ಟು ಹೊತ್ತಿಗೆ ಮುಟ್ಟುತ್ತವೆ ಎಂದು ರೈಲ್ವೆಯ ಎನ್‌ಟಿಇಎಸ್ ಆ್ಯಪಿನಲ್ಲಿ ನೋಡಿ ಬರೆದಿಡಿ. ವೇಳಾಪಟ್ಟಿಗಿಂತ ಆ ಚೀಟಿ ಹೆಚ್ಚು ಹೇಳುತ್ತದೆ. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಎಷ್ಟು ಅಂತರ ಎನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಮೈಲೇಜು

ಕಾರಿನ ಲೆಕ್ಕ ನಾನು ಹಾಕಿಕೊಡುತ್ತೇನೆ. ಹೋಗಿ ಬರಲು 130 ಕಿ.ಮೀ., ತಿಂಗಳಿಗೆ 13 ದಿನ, ಅಂದರೆ 1,690 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ 113 ಲೀಟರ್ ಪೆಟ್ರೋಲು. 103 ರೂ. ಹಿಡಿದರೆ 11,600 ರೂ. ಟೈರು, ಸರ್ವಿಸು, ಗಾಡಿಯ ಬೆಲೆ ಇಳಿಯುವುದು ಬೇರೆ. ಉಳಿಯುವ 19,000ದಲ್ಲಿ ಐದರಲ್ಲಿ ಮೂರು ಭಾಗ ಅಲ್ಲೇ ಹೋಯಿತು. ಇಷ್ಟೆಲ್ಲ ಕೊಟ್ಟೂ ಸಮಯ ಉಳಿಯುವುದಿಲ್ಲ: ಹೆದ್ದಾರಿಯಲ್ಲಿ 40 ನಿಮಿಷಕ್ಕೆ ಕೆಂಗೇರಿ ಹತ್ತಿರ ಬರುತ್ತೀರಿ, ಅಲ್ಲಿಂದ ಎಂ.ಜಿ. ರಸ್ತೆಗೆ ಬೆಳಗಿನ ಹೊತ್ತು ಒಂದರಿಂದ ಒಂದೂವರೆ ಗಂಟೆ.

ಟೋಲು: ಖಾಸಗಿ ಕಾರಿಗೆ 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು (ಶುರುವಾದಾಗ 3,000 ರೂ.) ಮೈಸೂರು ಹೆದ್ದಾರಿಗೂ ಆಗುತ್ತದೆ. ವಾರ್ಷಿಕ ಎಂದರೂ 1 ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಟೋಲ್ ಗೇಟು ದಾಟಿದ್ದು ಒಂದೊಂದೂ ಒಂದು ಸಲ. ವಾರಕ್ಕೆ 3 ದಿನ ಹೋಗಿ ಬಂದರೆ ಏಳೂವರೆ ತಿಂಗಳಿಗೆ ಮುಗಿಯುತ್ತದೆ. ದಿನಾ ಹೋಗುವವರಿಗೆ ನಾಲ್ಕೂವರೆ ತಿಂಗಳು.

ಬೈಕು, ಸ್ಕೂಟರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ನಿಷೇಧ. ರೈಲು ತಪ್ಪಿದರೆ ಬೈಕಿನಲ್ಲಿ ಬಂದುಬಿಡುತ್ತೇನೆ ಅನ್ನುವ ಲೆಕ್ಕ ಬೇಡ, ಪೂರ್ತಿ ಸರ್ವಿಸ್ ರಸ್ತೆ ಮತ್ತು ಹಳೆಯ ರಸ್ತೆಯಲ್ಲೇ ಬರಬೇಕು. ಜೋರು ಮಳೆಗೆ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುತ್ತದೆ. 2022ರ ಆಗಸ್ಟಿನಲ್ಲಿ ರಾಮನಗರದ ಹತ್ತಿರ ಹೆದ್ದಾರಿಯೇ ಮುಳುಗಿತ್ತು.

ಬಸ್ಸಿನದೂ ಒಂದು ಮಾತು. ರಾತ್ರಿ ರೈಲು ತಪ್ಪಿದಾಗ ಸ್ಯಾಟಲೈಟ್ ಬಸ್ ನಿಲ್ದಾಣವೇ ಗತಿ. ಆದರೆ ಮೈಸೂರಿಗೆ ಹೋಗುವ ಬಸ್ಸೆಲ್ಲ ಚನ್ನಪಟ್ಟಣಕ್ಕೆ ಹೋಗುವುದಿಲ್ಲ. ರಾಮನಗರ–ಚನ್ನಪಟ್ಟಣಕ್ಕೆ ಸೇರಿ 22 ಕಿ.ಮೀ. ಬೈಪಾಸು ಆಗಿದೆ, ತಡೆರಹಿತ ಬಸ್ಸುಗಳು ಅದರ ಮೇಲೆಯೇ ಹೋಗುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು "ಚನ್ನಪಟ್ಟಣ ಊರೊಳಗೆ ಹೋಗುತ್ತಾ?" ಎಂದು ಕೇಳಿ.

ಲೈನ್ ಹತ್ರ ಮನೆ

ಓಡಾಟದ್ದು ಮೇಲಿನವರು ಹೇಳಿದ್ದಾರೆ. ನಾನು ಮನೆಯ ಕಡೆಯದು ಹೇಳುತ್ತೇನೆ, ಏಕೆಂದರೆ ಒಬ್ಬರು ವಾರಪೂರ್ತಿ ಅಲ್ಲೇ ಕೂತು ಕೆಲಸ ಮಾಡಬೇಕು.

ಮೊದಲು ಕರೆಂಟು. ಮನೆ ಊರೊಳಗಿದೆಯೋ ತೋಟದಲ್ಲಿದೆಯೋ? ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಫೀಡರಿನಿಂದ (ಪಂಪ್‌ಸೆಟ್ಟಿನ ಲೈನಿನಿಂದ ಬೇರೆ ಮಾಡಿದ ಕರೆಂಟು ಲೈನು) ಬರುವುದು ಸಾಮಾನ್ಯ. ತೋಟದ ಮನೆ ಪಂಪ್‌ಸೆಟ್ಟಿನ ಫೀಡರಿನ ಮೇಲಿದ್ದರೆ ತ್ರೀ ಫೇಸು ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ, ಉಳಿದ ಹೊತ್ತು ಸಿಂಗಲ್ ಫೇಸು ಬಂದರೆ ಬಂತು. ಮನೆ ತೋರಿಸುವವರಿಗೆ ಇದು ಗೊತ್ತಿರುವುದಿಲ್ಲ. ಲೈನ್‌ಮನ್ನನ್ನು ಕೇಳಿ, ಬಿಲ್ಲಿನ ಆರ್‌ಆರ್ ನಂಬರು ತೋರಿಸಿದರೆ ಯಾವ ಫೀಡರು ಎಂದು ಅವರೇ ಹೇಳುತ್ತಾರೆ. ಸಂಜೆ ಪಂಪುಗಳು ಓಡುವಾಗ ವೋಲ್ಟೇಜು ಎಷ್ಟಿರುತ್ತದೆ ಎಂದು ಒಂದು ಸಲ ಅಳೆದು ನೋಡಿ. 180ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಫ್ರಿಜ್ಜಿಗೂ ಮೋಟರಿಗೂ ಸ್ಟೆಬಿಲೈಸರು ಇಲ್ಲದೆ ಆಗುವುದಿಲ್ಲ.

ಇನ್ವರ್ಟರು: 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 1,400. ಎರಡು ಲ್ಯಾಪ್‌ಟಾಪಿಗೆ 120 ವ್ಯಾಟು, ರೂಟರಿಗೆ 20, ಒಂದು ಫ್ಯಾನಿಗೆ 60, ದೀಪಕ್ಕೆ 20. ಒಟ್ಟು 220, ಅಂದರೆ 6 ಗಂಟೆ. ಇಷ್ಟು ಸಾಕು ಅನ್ನಿಸುತ್ತದೆ, ಆದರೆ ದಿನಾ ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬೇಗ ಸೋಲುತ್ತದೆ. ತಿರುಗಿ ತುಂಬುವಷ್ಟು ಹೊತ್ತು ಕರೆಂಟು ಬರಬೇಕಲ್ಲ, ಅದನ್ನೂ ನೋಡಬೇಕು.

ಇಂಟರ್ನೆಟ್ಟು: ಹಳ್ಳಿಗಳಿಗೆ ಫೈಬರು ಬಂದಿದೆ, ಹೆಚ್ಚಾಗಿ ಸ್ಥಳೀಯ ಕೇಬಲ್ಲಿನವರ ಮೂಲಕ. ಎರಡು ಕಡೆ ಸೋಲುತ್ತದೆ. ರಸ್ತೆ, ಪೈಪ್‌ಲೈನ್ ಕೆಲಸಕ್ಕೆ ಜೆಸಿಬಿ ಬಂದಾಗ ಕೇಬಲ್ಲು ತುಂಡಾಗುತ್ತದೆ. ಇನ್ನೊಂದು, ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕೇಬಲ್ಲಿನವರ ಪೆಟ್ಟಿಗೆಯಲ್ಲಿ ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದ ಕೂಡಲೇ ನೆಟ್ಟೂ ಹೋಗುತ್ತದೆ. "ನಿಮ್ಮ ಕಡೆ ಬ್ಯಾಕಪ್ ಎಷ್ಟು ಗಂಟೆ?" ಎಂದು ನೇರ ಕೇಳಿ. ಬೇರೆ ಕಂಪನಿಯ ಎರಡನೇ ಸಿಮ್ಮು ಇರಲೇಬೇಕು. ಅದರ ವೇಗವನ್ನು ಅಂಗಳದಲ್ಲಲ್ಲ, ಕೆಲಸ ಮಾಡುವ ಕೋಣೆಯೊಳಗೆ, ರಾತ್ರಿ 8ರಿಂದ 10ರ ಒಳಗೆ ನೋಡಿ.

ನೀರು: ಬೋರಿನ ನೀರನ್ನು ಕುಡಿಯುವುದಕ್ಕೆ ಮುಂಚೆ ಪರೀಕ್ಷೆ ಮಾಡಿಸಿ. ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಕೊನೆ ಮಿತಿ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚಾಗುತ್ತದೆ. ಮಗು ಇರುವ ಮನೆಗೆ ಇದು ಸಣ್ಣ ವಿಷಯವಲ್ಲ. ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅದು ನಿಜಕ್ಕೂ ಓಡುತ್ತಿದೆಯೇ ನೋಡಿ.

ಹಿಪ್ಪುನೇರಳೆ ಸುತ್ತ ಇದೆ ಅಂದಿರಿ. ಪಕ್ಕದವರು ರೇಷ್ಮೆ ಹುಳು ಸಾಕುತ್ತಿದ್ದರೆ ಸೊಳ್ಳೆಗೆಂದು, ಜಿರಳೆಗೆಂದು ಔಷಧಿ ಸಿಂಪಡಿಸುವ ಮುಂಚೆ ಅವರನ್ನು ಕೇಳಲೇಬೇಕು. ಗಾಳಿಯಲ್ಲಿ ತೇಲಿಹೋದ ಅಷ್ಟೇ ಔಷಧಿಗೆ ಒಂದು ಇಡೀ ಬೆಳೆ ಸಾಯುತ್ತದೆ. ಕಿಟಕಿಗೆ ಜಾಲರಿ ಹಾಕಿಸಿಕೊಳ್ಳುವುದೇ ಸರಿ.

ಹಳ್ಳಿಯ ದಾರಿ

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಮನೆ ಊರಿಂದ ಅರ್ಧ ಕಿ.ಮೀ. ಆಚೆ, ತೋಟದಲ್ಲೇ ಇದೆ. ಕೊನೆಯ 600 ಮೀಟರು ಮಣ್ಣಿನ ದಾರಿ. ಬೆಳಿಗ್ಗೆ ಆರು ಗಂಟೆಗೆಲ್ಲ ಹೊರಡಬೇಕಾಗುತ್ತದೆ, ಸಂಜೆ ಮನೆ ಸೇರುವಾಗ ಎಂಟೂವರೆ. ಕಾರು ಬಿಟ್ಟುಬಿಟ್ಟೆ, ರೈಲೇ. ಫೀಡರು ವಿಚಾರಿಸುತ್ತೇನೆ. ಸ್ಕೂಲು, ಆಸ್ಪತ್ರೆ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರ.

ಗೊಂಬೆ ನಗರಿ

ತೋಟದ ಮನೆ ಎಂದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಆ ಮನೆ ಬೇಡ. ಹಳ್ಳಿಯ ವಾಸ ಬೇಡ ಎನ್ನುತ್ತಿಲ್ಲ. ರೈಲಿನ 56 ಕಿ.ಮೀ. ನಿಮ್ಮನ್ನು ಸೋಲಿಸುವುದಿಲ್ಲ, ಮನೆಯಿಂದ ಸ್ಟೇಷನ್ನಿನ ಆ 7 ಕಿ.ಮೀ. ಸೋಲಿಸುತ್ತದೆ.

ಡಿಸೆಂಬರಿನಲ್ಲಿ ಆರು ಗಂಟೆ ಎಂದರೆ ಪೂರ್ತಿ ಕತ್ತಲು. ಚನ್ನಪಟ್ಟಣ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ತೆಂಗಿನಕಲ್ಲು ಅರಣ್ಯದ ಕಡೆಯಿಂದ ಆನೆಗಳು ಬರುತ್ತವೆ, ಮಾವು, ಹಲಸು, ರಾಗಿ ಇರುವ ಕಾಲದಲ್ಲಿ ಹೆಚ್ಚು. ಅವು ತೋಟದಿಂದ ಕಾಡಿಗೆ ಹಿಂತಿರುಗುವುದೂ ಅದೇ ನಸುಕಿನಲ್ಲಿ. ಆ ಊರು ಯಾವ ಕಡೆ ಇದೆ, ಹೋದ ವರ್ಷ ಆನೆ ಬಂದಿತ್ತೇ ಎಂದು ಮನೆ ಮಾಲೀಕರನ್ನಲ್ಲ, ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವವರನ್ನು ಕೇಳಿ. ಮಳೆಗಾಲದಲ್ಲಿ 600 ಮೀಟರು ಮಣ್ಣಿನ ದಾರಿಯಲ್ಲಿ ಸ್ಕೂಟರು ಜಾರುತ್ತದೆ. ಅದಕ್ಕಿಂತ ಮುಖ್ಯ, ಆ ದಾರಿಗೆ 108 ಆಂಬುಲೆನ್ಸು ಬರುತ್ತದೆಯೇ, ಸ್ಕೂಲ್ ವ್ಯಾನು ಬರುತ್ತದೆಯೇ? ವ್ಯಾನಿನವರು ಸಾಮಾನ್ಯವಾಗಿ ಡಾಂಬರು ರಸ್ತೆಯ ತಿರುವಿನವರೆಗೆ ಮಾತ್ರ. ನೀವು ಆಫೀಸಿಗೆ ಹೋದ 3 ದಿನ ಮಗುವನ್ನು ಅಲ್ಲಿಗೆ ಬಿಟ್ಟು, ಕರೆತರುವ ಕೆಲಸ ನಿಮ್ಮ ಮನೆಯವರ ಮೇಲೆ, ಅವರ ಕೆಲಸದ ಹೊತ್ತಿನಲ್ಲೇ. ಅವರಿಗೊಂದು ಗಾಡಿ ಬೇಕು. ಅಮ್ಮನಿಗೆ ಹಠಾತ್ತಾಗಿ ಏನಾದರೂ ಆದರೆ ನೀವು 2 ಗಂಟೆ ದೂರದಲ್ಲಿರುತ್ತೀರಿ. ಈ ಭಾರವನ್ನು ಯಾರೂ ಬಾಡಿಗೆಯ ಲೆಕ್ಕದಲ್ಲಿ ಬರೆಯುವುದಿಲ್ಲ.

ತೋಟದಲ್ಲಿ ಹಾವು ಇದ್ದೇ ಇರುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಆ ಅಂಗ ಅಲುಗಾಡಿಸದೆ ನೇರ ಆಸ್ಪತ್ರೆಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷ ನಿರೋಧಕ ಚುಚ್ಚುಮದ್ದು ಇದೆಯೇ ಎಂದು ಮೊದಲೇ ವಿಚಾರಿಸಿ, ಆ ನಂಬರು ಅಮ್ಮನ ಫೋನಿನಲ್ಲೂ ಇರಲಿ.

ನನ್ನ ಸಲಹೆ: ಸ್ಟೇಷನ್ನಿಂದ 2 ಕಿ.ಮೀ. ಒಳಗೆ, ಚನ್ನಪಟ್ಟಣದ ಅಂಚಿನಲ್ಲೋ ರಾಮನಗರದ ಅಂಚಿನಲ್ಲೋ ಅಂಗಳ ಇರುವ ಮನೆ ಹುಡುಕಿ. ಬಾಡಿಗೆ ನಾಲ್ಕೈದು ಸಾವಿರ ಹೆಚ್ಚಾದರೂ ದಿನಕ್ಕೆ ಅರ್ಧ ಗಂಟೆ ಉಳಿಯುತ್ತದೆ. ರಾಮನಗರವಾದರೆ ರೈಲಿನಲ್ಲೂ 11 ಕಿ.ಮೀ. ಕಡಿಮೆ. ನಡೆದೇ ಸ್ಟೇಷನ್ ಸೇರಬಹುದು, ಫೀಡರಿನ ತಲೆನೋವೂ ಇಲ್ಲ, ಆಟೊ ಸಿಗುತ್ತದೆ. ತೆಂಗಿನ ತೋಟ ಎರಡೇ ಹೆಜ್ಜೆ ಆಚೆ.

ಮೆಮು ಪಾಸು

ಗೊಂಬೆ ನಗರಿಯವರ ಮಾತಿಗೆ ನನ್ನದೂ ಒಪ್ಪಿಗೆ. ಹೊಸ್ತಿಲಿಂದ ಪ್ಲಾಟ್‌ಫಾರಂವರೆಗೆ 15 ನಿಮಿಷ ಮೀರಿದರೆ ಒಂದು ಗಾಡಿ ತಪ್ಪಿದ ದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಒಂದೇ ಸೇರಿಕೆ. ಯಾವ ಮನೆಯಾದರೂ 11 ತಿಂಗಳ ಕರಾರು ಮಾಡಿಸಿ, ನಡುವೆ ಬಿಡುವುದಾದರೆ ಒಂದು ತಿಂಗಳ ನೋಟಿಸು ಸಾಕು ಎಂದು ಬರೆಸಿ, "ಕನಿಷ್ಠ ಇಷ್ಟು ತಿಂಗಳು ಇರಲೇಬೇಕು" ಎಂಬ ಷರತ್ತಿಗೆ ಒಪ್ಪಬೇಡಿ. ಏಪ್ರಿಲ್ ಕೊನೆಗೆ ಹೋದರೆ ಬೇಸಿಗೆಯ ಬೋರು, ಮುಂಗಾರಿನ ದಾರಿ ಎರಡನ್ನೂ ಮೊದಲ ಆರು ತಿಂಗಳಲ್ಲೇ ನೋಡಿಬಿಡಬಹುದು. ಮಗಳ ಸ್ಕೂಲು ಜೂನ್ ಹೊತ್ತಿಗೆ ಶುರುವಾಗುವುದರಿಂದ ಟಿ.ಸಿ. ತರುವುದಕ್ಕೂ ಅದೇ ಸರಿಯಾದ ಕಾಲ. ಜಾಗ, ಸೈಟು ಕೊಳ್ಳುವ ಮಾತು ಯಾರೇ ಎತ್ತಿದರೂ ಈ ವರ್ಷ ಬೇಡ ಅನ್ನಿ.