ಕನ್ನಡ ಪದ ಬೇಕು (ಅರ್ಜೆಂಟ್): ಝೂನಲ್ಲಿ ಬರೋ 'ಎಕ್ಸಿಬಿಟ್', 'ಹ್ಯಾಬಿಟಾಟ್'

ಸುಮಾ, ಸ್ಯಾನ್ ಡಿಯಾಗೊ:

ಎಲ್ರಿಗೂ ನಮಸ್ಕಾರ. ಊರಿಂದ ಬಂದಿರೋ ಅಪ್ಪ ಅಮ್ಮಂದಿರನ್ನ ಸಫಾರಿ ಪಾರ್ಕಿಗೆ ಕರ್ಕೊಂಡು ಹೋಗ್ತಾ ಇದೀವಿ, ಹೊಸ ಎಲಿಫೆಂಟ್ ವ್ಯಾಲಿ ನೋಡೋಕೆ. ಸುಮಾರು ಜನಕ್ಕೆ ಇಂಗ್ಲಿಷ್ ಓದೋಕೆ ಬರಲ್ಲ ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡ್ತಿದೀನಿ, ನಾಳೆ ರಾತ್ರಿ ಪ್ರಿಂಟ್‌ಗೆ ಹೋಗ್ಬೇಕು. ಸಿಕ್ಕಿಹಾಕ್ಕೊಂಡಿರೋದು ಮೇಲಿನ ಎರಡು ಪದದಲ್ಲಿ, ಅಂದ್ರೆ ಝೂನಲ್ಲಿ ಪ್ರಾಣಿ ಇಟ್ಟಿರೋ ಜಾಗಕ್ಕೆ ಏನನ್ನೋದು ಅಂತ. 'ಪ್ರದರ್ಶನ' ಅಂತ ಹಾಕಿದ್ದೆ, ನಮ್ಮತ್ತೆ ಓದಿ "ಎಷ್ಟು ಗಂಟೆಗಮ್ಮ ಪ್ರದರ್ಶನ" ಅಂದ್ರು. 'ಆವಾಸಸ್ಥಾನ' ಅಂದ್ರೆ ಎಂಟನೇ ಕ್ಲಾಸ್ ವಿಜ್ಞಾನದ ಪಾಠ ಓದಿದ ಹಾಗಿರುತ್ತೆ. ವಾಕ್ಯ ಇದು: "ಈ ಹೊಸ ______ದಲ್ಲಿ ಆಫ್ರಿಕಾದ ಆನೆಗಳು ಸೇತುವೆ ಮೇಲೆ ದಾಟುತ್ತವೆ, ನೀವು ಅದರ ಕೆಳಗೆ ನಡೆದುಕೊಂಡು ಹೋಗಬಹುದು." ಕೀಪರ್‌ಗೆ 'ಮಾವುತ' ಅನ್ನಬಹುದಾ? ಪಾಂಡಾ ರಿಜ್ ಬಗ್ಗೆನೂ ಎರಡು ಸಾಲಿದೆ, ರಿಜ್‌ಗೆ ಏನು?

ಎಚ್.ಆರ್., ಮೈಸೂರು:

ಆವರಣ. ನಮ್ಮ ಮೃಗಾಲಯದಲ್ಲಿ ಎಲ್ಲರೂ ಹಾಗೇ ಅನ್ನೋದು, ಹುಲಿ ಆವರಣ, ಜಿರಾಫೆ ಆವರಣ. 1892ರಿಂದ ನಡೆದು ಬಂದ ಮೃಗಾಲಯ ಊರಲ್ಲೇ ಇರುವಾಗ ಹೊಸ ಪದ ಹುಡುಕುವ ಅಗತ್ಯ ಕಾಣೆ.

ಬರತ್, ಬೆಂಗಳೂರು:

ಆವರಣವೂ ಸಂಸ್ಕ್ರುತ, ಮ್ರುಗಾಲಯವೂ ಸಂಸ್ಕ್ರುತ. (ಋ, ಷ ನಾನು ಬರೆಯಲ್ಲ, ಬಾಯಲ್ಲಿ ಬರೋ ಹಾಗೇ ಬರೆಯೋದು.) ಕನ್ನಡದ್ದೇ ಬೇರಿಂದ ಕಟ್ಟೋಕೆ ಏನು ಅಡ್ಡಿ? 'ತೋರು' ಇದೆ, 'ಬೀಡು' ಇದೆ. ಎಕ್ಸಿಬಿಟ್ = ತೋರ್ಬೀಡು. ಹ್ಯಾಬಿಟಾಟ್ = ನೆಲೆ. ರಿಜ್ = ಏಣು. ಮುಗೀತು.

ಸುಮಾ:

ಬರತ್ ಅವರೇ, ಥ್ಯಾಂಕ್ಸ್. ಆದ್ರೆ 'ತೋರ್ಬೀಡು' ಅಂತ ದಪ್ಪಕ್ಷರದಲ್ಲಿ ಹಾಕಿದ್ರೆ ನಮ್ಮತ್ತೆ 'ತೋರಿಸಬೇಡ' ಅಂತ ಓದ್ಕೊಂಡು ಗೇಟಲ್ಲೇ ಕೂತುಬಿಡ್ತಾರೆ :)

ಗಣಪತಿ, ಶಿವಮೊಗ್ಗ:

ಆನೆಗೆ ಅಂತಾನೇ ಪದ ಇರುವಾಗ ಇದೆಲ್ಲ ಯಾಕೆ ಮಾರಾಯ್ರೆ. 'ಬಿಡಾರ'. ನಮ್ಮೂರ ಹತ್ರ ಸಕ್ರೆಬೈಲಿಗೆ ಹೋಗಿ ನೋಡಿ, ಆನೆ ಬಿಡಾರ ಅಂತಾನೇ ಹೆಸರು. ಇಲ್ಲಾಂದ್ರೆ 'ಕ್ರಾಲ್', ನಮ್ಮ ಮಾವುತರು, ಅವರ ಸಹಾಯಕ್ಕಿರೋ ಕಾವಾಡಿಗಳು ದಿನಾ ಆಡೋ ಮಾತು. ದಪ್ಪ ದಿಮ್ಮಿಗಳನ್ನ ಅಡ್ಡಡ್ಡ ಪೇರಿಸಿ ಮಾಡ್ತಾರಲ್ಲ, ಹಿಡಿದು ತಂದ ಕಾಡಾನೆಯನ್ನ ಅದರೊಳಗೆ ಬಿಟ್ಟು ಪಳಗಿಸೋದು. ಈ ಪದದ ಕಥೆ ಕೇಳಿ: ಇದು ದಕ್ಷಿಣ ಆಫ್ರಿಕಾದ ಡಚ್ಚರ ಮಾತು, ಅವರು ತಗೊಂಡಿದ್ದು ಪೋರ್ಚುಗೀಸರ 'ಕುರಾಲ್'ನಿಂದ, ಅಮೆರಿಕದ ಕೌಬಾಯ್‌ಗಳು ದನ ಕೂಡೋ 'ಕೊರಾಲ್' ಇದರ ಸ್ಪ್ಯಾನಿಷ್ ದಾಯಾದಿ, ಸಿಲೋನಿನಲ್ಲಿ ಆನೆ ಹಿಡಿಯೋ ದೊಡ್ಡಿಗೂ ಇದೇ ಹೆಸರಿತ್ತು. ಆಫ್ರಿಕಾದ ಆನೆಗೆ ಆಫ್ರಿಕಾದಿಂದ ಬಂದ ಪದ, ಅಮೆರಿಕದೋರಿಗೂ ಗೊತ್ತು, ಶಿವಮೊಗ್ಗದೋರಿಗೂ ಗೊತ್ತು. ಇದಕ್ಕಿಂತ ಇನ್ನೇನು ಬೇಕು?

ಮಂಜು, ಸಿನ್ಸಿನಾಟಿ:

ಗಣಪತಿಯವರೇ, ಪದದ ಕಥೆ ಚೆನ್ನಾಗಿದೆ, ಅರ್ಥ ಪೂರ್ತಿ ಉಲ್ಟಾ. ಕ್ರಾಲ್ ಅಂದ್ರೆ ಆನೆ ಹೊರಳೋಕೂ ಆಗದಷ್ಟು ಇಕ್ಕಟ್ಟು, ಈ ಹೊಸ ಜಾಗಗಳನ್ನ ಕಟ್ಟಿರೋದೇ ಅಂಥಾದ್ದು ಇರಬಾರದು ಅಂತ. ಬಿಡಾರನೂ ಸರಿಹೋಗಲ್ಲ, ಸಕ್ರೆಬೈಲಲ್ಲಿ ಆನೆಗಳನ್ನ ಆಮೇಲೆ ಕಾಡಿಗೆ ಬಿಡ್ತಾರೆ, ಇಲ್ಲಿ ಎಲ್ಲಿಗೆ ಬಿಡ್ತಾರೆ, ಫ್ರೀವೇಗಾ?

ನಮ್ಮೂರಲ್ಲೂ 2025ರಲ್ಲಿ ಎಲಿಫೆಂಟ್ ಟ್ರೆಕ್ ಅಂತ ಶುರುವಾಯ್ತು, ಐದು ಎಕರೆ, ಇವು ಏಷ್ಯಾದ ಆನೆಗಳು. ಮೊದ್ಲು ಇದ್ದ ಆನೆ ಮನೆ 1906ರದ್ದು, ಮೇಲೆ ಗುಮ್ಮಟ ಎಲ್ಲ ಇಟ್ಟು ಅರಮನೆ ಥರ ಕಟ್ಟಿದಾರೆ, ನೋಡೋರ ಕಣ್ಣಿಗೆ ಹಬ್ಬ, ಆನೆಗೆ ಮಾತ್ರ ಅಂಗಳದಷ್ಟು ಜಾಗ. ಐರ್ಲೆಂಡಿನ ಡಬ್ಲಿನ್ ಝೂಯಿಂದ ನಾಲ್ಕು ಆನೆ ತಂದಿದಾರೆ, ಅದರಲ್ಲಿ ಮೂರರ ಹೆಸರು ಸಂಜಯ್, ಕಬೀರ್, ಆಶಾ. ನನ್ನ ಮಗಳು ಅವಕ್ಕೆ ಕನ್ನಡ ಬರುತ್ತೆ ಅಂತ್ಲೇ ಅನ್ಕೊಂಡು ಮಾತಾಡಿಸ್ತಾಳೆ.

ಈಗ ಪದಕ್ಕೆ ಬರೋಣ. ಇಲ್ಲಿ ಝೂಗಳು 'ಕೇಜ್' ಬಿಟ್ಟು ಎಷ್ಟೋ ಕಾಲ ಆಯ್ತು, 'ಎಕ್ಸಿಬಿಟ್'ನೂ ಮೆಲ್ಲಗೆ ಬಿಟ್ಟು ಬೋರ್ಡಲ್ಲೆಲ್ಲ 'ಹ್ಯಾಬಿಟಾಟ್' ಅಂತಾವೆ. ಹೆಸರು ಒಂದೇ ಬದಲಾಗಿದ್ದಲ್ಲ. 1907ರಲ್ಲಿ ಹ್ಯಾಂಬರ್ಗ್ ಹತ್ರ ಕಾರ್ಲ್ ಹಾಗನ್‌ಬೆಕ್ ಅನ್ನೋನು ಕಬ್ಬಿಣದ ಸರಳು ತೆಗೆದು ಕಂದಕ ತೋಡಿಸಿದ, ಆಮೇಲೆ 1970ರ ದಶಕದ ಕೊನೆ ಹೊತ್ತಿಗೆ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್‌ನಲ್ಲಿ ಗೊರಿಲ್ಲಾಗಳಿಗೆ ನಿಜವಾದ ಗಿಡ ಪೊದೆ ಬೆಳೆಸಿ, ನೋಡೋಕೆ ಬಂದೋರನ್ನೂ ಅಂಥದ್ದೇ ಗಿಡಗಂಟಿ ಮಧ್ಯ ನಡೆಸಿದ್ರು. ಗೊರಿಲ್ಲಾ ಮನಸ್ಸಾದ್ರೆ ಕಾಣಿಸ್ಕೊಳ್ಳುತ್ತೆ, ಇಲ್ಲಾಂದ್ರೆ ಇಲ್ಲ. ಹಾಗಿರುವಾಗ 'ತೋರು' ಅನ್ನೋ ಬೇರು ಹಿಡ್ಕೊಂಡು ಪದ ಕಟ್ಟಿದ್ರೆ ನೂರು ವರ್ಷ ಹಿಂದಕ್ಕೆ ಹೋದ ಹಾಗೆ. ಆದ್ರೆ 'ನೆಲೆ', 'ಆವಾಸ' ಅನ್ನೋಕೂ ನಂಗೆ ಮನಸ್ಸಿಲ್ಲ, ಅದು ಝೂದೋರ ಪ್ರಚಾರದ ಮಾತು. ಆಫ್ರಿಕಾದ ಆನೆಯ ನೆಲೆ ಆಫ್ರಿಕಾ, ಕ್ಯಾಲಿಫೋರ್ನಿಯಾ ಅಲ್ಲ. ಸುತ್ತ ಬೇಲಿ ಇದೆಯಲ್ಲ, ಆವರಣ ಅನ್ನಿ, ಎಚ್.ಆರ್. ಸರ್ ಹೇಳಿದ್ದೇ ಸರಿ.

ಎಚ್.ಆರ್.:

ಮಂಜು ಅವರಿಗೆ ಧನ್ಯವಾದ. ಕೀಪರ್‌ಗೆ 'ಪ್ರಾಣಿಪಾಲಕ', ಮಾವುತ ಸರ್ವಥಾ ಕೂಡದು. ಮಾವುತ ಆನೆ ಮೇಲೆ ಕೂರುವವನು. ಇನ್ನು 'ಮೃಗ' ಎಂದರೆ ಸಂಸ್ಕೃತದಲ್ಲಿ ಕಾಡುಪ್ರಾಣಿ, ಮುಖ್ಯವಾಗಿ ಜಿಂಕೆ, ಸಿಂಹ ಅದಕ್ಕೇ ಮೃಗರಾಜ, ಬೇಟೆಗೆ ಮೃಗಯೆ. ಆದ್ದರಿಂದ ಮೃಗಾಲಯ ಎಂಬ ಪದದಲ್ಲಿ ಪಕ್ಷಿಗಳಿಗೆ ಜಾಗವಿಲ್ಲ ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತಿದ್ದೇನೆ, ಕೇಳುವವರಿಲ್ಲ. 'ಪ್ರಾಣಿಸಂಗ್ರಹಾಲಯ' ಹೆಚ್ಚು ಶುದ್ಧ.

ಬರತ್:

'ಹೆಚ್ಚು ಶುದ್ಧ'ವಂತೆ. ಹಳಗನ್ನಡದಲ್ಲಿ ಮ್ರುಗಕ್ಕೆ 'ಮಿಗ' ಅನ್ನುತ್ತಿದ್ದರು, ಜನರ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಈಗ ಅದನ್ನೇ ತಪ್ಪು ಅಂತ ತಿದ್ದುತ್ತೀರಿ. ಕ್ರಾಲ್ ಆಗಬಹುದು, ಕಂದಕ ಆಗಬಹುದು, ಅದಕ್ಕೇ ಇರೋ ಅಚ್ಚಗನ್ನಡದ 'ಅಗಳು' ಯಾರ ಬಾಯಲ್ಲೂ ಬರಲಿಲ್ಲ. ಕನ್ನಡಿಗರಿಗೆ ಕನ್ನಡ ಅಂದರೇ ನಗು.

ಗಣಪತಿ:

ಅಗಳು ನಮ್ಮ ಮನೆ ತೋಟದ ಸುತ್ತಾನೇ ಇದೆ, ನಗೋದು ಎಂಥದ್ದು. ಮಲೆನಾಡಲ್ಲಿ ಅದು ದಿನಬಳಕೆ, ಬೆಂಗಳೂರಲ್ಲಿ ಕೂತೋರು ಅದನ್ನ ಪುಸ್ತಕದಿಂದ ಹೆಕ್ಕಿ ನಮಗೇ ಪಾಠ ಹೇಳ್ತೀರಿ. ಆನೆ ವಿಷಯದಲ್ಲಂತೂ ಕಡ ತರೋದು ಹೊಸದಲ್ಲ ಸ್ವಾಮಿ. ಮೈಸೂರು ಸೀಮೆಯ ಖೆಡ್ಡಾ, ಅಂದ್ರೆ ಕಾಡಾನೆ ಹಿಂಡನ್ನ ಓಡಿಸಿ ದೊಡ್ಡಿಗೆ ಕೂಡೋದು, ಹಿಂದಿ ಕಡೆಯಿಂದ ಬಂದ ಮಾತು, ಬ್ರಿಟಿಷರ ಕಾಲದ ಸ್ಯಾಂಡರ್ಸನ್ ಸಾಹೇಬ 1874ರಲ್ಲಿ ಅದನ್ನ ಮಾಡಿ ತೋರಿಸ್ದ, 1971ರವರೆಗೂ ಕಾಕನಕೋಟೆಯಲ್ಲಿ ನಡೀತು, ಆ ಹೊತ್ತಿಗೆ ಅದು ಕನ್ನಡದ್ದೇ ಆಗಿತ್ತು. ಕಾಡಾನೆ ಹಿಡಿಯೋಕೆ ಬಳಸೋ ಪಳಗಿದ ಆನೆಗೆ ಕುಮ್ಕಿ ಆನೆ ಅಂತೀವಿ, ಅದೂ ಹೊರಗಿಂದು. ಯಾವ ಆನೆನೂ ಪದ ಎಲ್ಲಿಂದು ಅಂತ ಕೇಳಿಲ್ಲ.

ಬರತ್:

ಕಡ ತಂದರೆ ತಪ್ಪಿಲ್ಲ, ಮನೆಯಲ್ಲಿ ಇರೋದನ್ನ ಎಸೆದು ಕಡ ತರೋದು ತಪ್ಪು. ಅಶ್ಟೇ ನಾನು ಹೇಳೋದು.

ಎಚ್.ಆರ್.:

'ಅಷ್ಟೇ'. ಷಕಾರಕ್ಕೂ ಸ್ವಲ್ಪ ಜಾಗ ಕೊಡಿ.

ಮಂಜು:

ದಯವಿಟ್ಟು ಷಕಾರದ ಜಗಳ ಮತ್ತೆ ಬೇಡ, ಹೋದ ಸಲ ಅದು ಮುಗಿಯೋ ಹೊತ್ತಿಗೆ ಕೇಳಿದೋರೇ ಲಿಸ್ಟ್ ಬಿಟ್ಟು ಹೋಗಿದ್ರು. ಸುಮಾ ಅವರೇ, ಕೆಲಸಕ್ಕೆ ಬರೋದು ಎರಡು ಮಾತು. ಒಂದು, ಜಾಗದ ಹೆಸರುಗಳನ್ನ ಕನ್ನಡಕ್ಕೆ ಮಾಡಬೇಡಿ. 'ಆನೆ ಕಣಿವೆ', 'ಪಾಂಡಾ ಏಣು' ಅಂತ ಹಾಕಿದ್ರೆ ಹಿರಿಯರು ಗುಂಪು ತಪ್ಪಿಸ್ಕೊಂಡಾಗ ಯಾರನ್ನ ಕೇಳಬೇಕು? ಎಲಿಫೆಂಟ್ ವ್ಯಾಲಿ, ಪಾಂಡಾ ರಿಜ್ ಅಂತಾನೇ ಕನ್ನಡ ಅಕ್ಷರದಲ್ಲಿ ಬರೀರಿ, ಅದನ್ನ ಓದಿ ಹೇಳಿದ್ರೆ ಅಲ್ಲಿನ ಹುಡುಗರು ದಾರಿ ತೋರಿಸ್ತಾರೆ. ಎರಡನೇದು, ಪಾಂಡಾ ಸಫಾರಿ ಪಾರ್ಕಲ್ಲಿ ಇಲ್ಲ! ಎಲಿಫೆಂಟ್ ವ್ಯಾಲಿ ಇರೋದು ಎಸ್ಕಾಂಡಿಡೊ ಕಡೆ, ಪಾಂಡಾ ರಿಜ್ ಇರೋದು ಊರೊಳಗೆ ಬಾಲ್ಬೋವಾ ಪಾರ್ಕಿನ ಝೂನಲ್ಲಿ. ಒಂದೇ ಹಾಳೆಯಲ್ಲಿ ಹಾಕಿದ್ರೆ "ಪಾಂಡಾ ಎಲ್ಲಿ" ಅಂತ ನಿಮ್ಮನ್ನೇ ಹಿಡ್ಕೋತಾರೆ.

ಸುಮಾ:

ಅದು ಗೊತ್ತು ಮಂಜು ಅವರೇ, ಎರಡು ದಿನದ ಪ್ರೋಗ್ರಾಮು, ಹಾಳೆ ಒಂದೇ. ಆದ್ರೂ 'ಶನಿವಾರ', 'ಭಾನುವಾರ' ಅಂತ ಮೇಲೆ ದೊಡ್ಡದಾಗಿ ಹಾಕ್ತೀನಿ. ಕೊನೆಗೆ ಹೀಗೆ ಬರ್ದಿದೀನಿ, ತಪ್ಪಿದ್ರೆ ಇವತ್ತೇ ಹೇಳಿ:

"ಶನಿವಾರ, ಎಲಿಫೆಂಟ್ ವ್ಯಾಲಿ. ಇದು ಆಫ್ರಿಕಾದ ಆನೆಗಳ ಹೊಸ ಆವರಣ. ಆನೆಗಳು ಸೇತುವೆ ಮೇಲೆ ದಾಟುವಾಗ ನೀವು ಕೆಳಗೆ ನಡೆದುಕೊಂಡು ಹೋಗಬಹುದು. 2003ರಲ್ಲಿ ಆಫ್ರಿಕಾದ ಸ್ವಾಜಿಲ್ಯಾಂಡ್‌ನಿಂದ, ಈಗಿನ ಎಸ್ವಾಟಿನಿಯಿಂದ, ಏಳು ಆನೆಗಳನ್ನು ಇಲ್ಲಿಗೆ ತಂದರು. 2025ರ ಏಪ್ರಿಲ್ 14ರಂದು ಇಲ್ಲಿ ಭೂಮಿ ನಡುಗಿದಾಗ ಎನ್‌ಡ್ಲುಲಾ, ಉಮ್‌ನ್ಗಾನಿ, ಖೋಸಿ ಎಂಬ ದೊಡ್ಡ ಆನೆಗಳು ಜೂಲಿ, ಎಮ್‌ಖಾಯಾ ಎಂಬ ಚಿಕ್ಕವೆರಡನ್ನು ನಡುವೆ ಹಾಕಿಕೊಂಡು, ಮುಖ ಹೊರಗೆ ಮಾಡಿ ಸುತ್ತ ನಿಂತವು. ಭಾನುವಾರ, ಪಾಂಡಾ ರಿಜ್. ಯುನ್ ಚುವಾನ್, ಶಿನ್ ಬಾವ್ ಎಂಬ ಎರಡು ಪಾಂಡಾಗಳು 2024ರ ಆಗಸ್ಟ್ 8ರಿಂದ ಜನರಿಗೆ ಕಾಣಸಿಗುತ್ತಿವೆ. ಯುನ್ ಚುವಾನ್‌ನ ತಾಯಿ ಹುಟ್ಟಿದ್ದು ಇದೇ ಝೂನಲ್ಲಿ. ಏನಾದರೂ ಬೇಕಾದರೆ ಪ್ರಾಣಿಪಾಲಕರನ್ನು ಕೇಳಿ."

ಭೂಕಂಪದ ಸಾಲು ಓದಿ ನಮ್ಮತ್ತೆ "ಅಯ್ಯೋ ಇಲ್ಲೂ ಭೂಕಂಪ ಆಗುತ್ತಾ, ಹಾಗಾದ್ರೆ ಆ ಸೇತುವೆ ಕೆಳಗೆ ನಾನು ಬರಲ್ಲ" ಅಂತಿದಾರೆ. ಅದನ್ನ ತೆಗೀಲಾ ಇಡ್ಲಾ?

ಗಣಪತಿ:

ಇಡಿ. ಆದ್ರೆ 'ಚಿಕ್ಕವೆರಡನ್ನು' ಅಲ್ಲ, 'ಮರಿಯಾನೆಗಳನ್ನು' ಅನ್ನಿ. ಏಳು ವರ್ಷದ್ದಾದ್ರೂ ತಾಯಿ ಪಕ್ಕ ಇರೋವರೆಗೂ ನಮ್ಮ ಕಡೆ ಮರಿಯಾನೆನೇ.

ಬರತ್:

'ಭೂಕಂಪ' ಯಾಕೆ, 'ನೆಲನಡುಕ' ಅನ್ನಬಹುದಲ್ಲ.

ಸುಮಾ:

ಹಾಳೆಯಲ್ಲಿ 'ಭೂಮಿ ನಡುಗಿದಾಗ' ಅಂತ್ಲೇ ಇದೆ ಬರತ್ ಅವರೇ, ಭೂಕಂಪ ಅಂದಿದ್ದು ನಮ್ಮತ್ತೆ. ಮರಿಯಾನೆ ಅಂತ ತಿದ್ದಿದೀನಿ, ಗಣಪತಿ ಸರ್‌ಗೆ ಥ್ಯಾಂಕ್ಸ್. ಫೈಲ್ ಈಗ ತಾನೇ ಕಳಿಸ್ದೆ. ಮಿಗ, ಮೃಗ, ಅಗಳು ನೀವು ಮುಂದುವರಿಸಿ, ನಾನು ಈ ಥ್ರೆಡ್ ಮ್ಯೂಟ್ ಮಾಡ್ತಿದೀನಿ, ಬೇಜಾರ್ ಮಾಡ್ಕೋಬೇಡಿ.