ಹೊಸ ಹೂಪಾತಿಯಲ್ಲಿ ಗಿಡಗಳು ಒರಗುತ್ತಿವೆ, ಆಸರೆ ಹೇಗೆ ಕೊಡುವುದು?

ಪ್ರಶ್ನೆ: ಬೇಲಿಗುಂಟ 12 ಅಡಿ ಉದ್ದ, 4 ಅಡಿ ಅಗಲದ ಪಾತಿ. ನೆಟ್ಟು ಎಂಟು ತಿಂಗಳಾಯಿತು. ಸೇವಂತಿಗೆ, ರುಡ್ಬೆಕಿಯಾ, ಡೇಲಿಯಾ ಇವೆ. ಎರಡು ಅಡಿ ದಾಟಿ ಮೊಗ್ಗು ಬಂದಾಗ ಒಂದು ಮಳೆ ಬಿದ್ದರೆ ಸಾಕು, ನಡುವೆ ಬಾಯಿಬಿಟ್ಟು ನಾಲ್ಕೂ ಕಡೆ ಒರಗುತ್ತವೆ. ಸೇರಿಸಿ ಗೂಟಕ್ಕೆ ಬಿಗಿದರೆ ಪೊರಕೆ ಕಟ್ಟಿನಂತೆ ಕಾಣುತ್ತವೆ. ಗೊಬ್ಬರ ಸಾಲದಾಯಿತೇ?

ಉತ್ತರ: ಸಾಲದ್ದಲ್ಲ, ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಸಾರಜನಕ ಅತಿಯಾದರೆ ಕಾಂಡ ಸರಸರ ಉದ್ದವಾಗುತ್ತದೆ, ಬಲಿಯುವುದಿಲ್ಲ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ವರ್ಷಕ್ಕೊಮ್ಮೆ ಒಂದಿಂಚು ದಪ್ಪ ಕಳಿತ ಕಾಂಪೋಸ್ಟ್ ಸಾಕು. ಇನ್ನೊಂದು ಕಾರಣ ಪಾತಿಯ ವಯಸ್ಸು: ಹಳೆಯ ಪಾತಿಯಲ್ಲಿ ಗಿಡಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಲ್ಲುತ್ತವೆ, ನಿಮ್ಮಲ್ಲಿ ಇನ್ನೂ ನಡುವೆ ಬರೀ ಮಣ್ಣು.

ಆಸರೆಯನ್ನು ಗಿಡ ಅರ್ಧ ಅಡಿ ಇರುವಾಗಲೇ ಕೊಡಬೇಕು. ಸೇವಂತಿಗೆ, ರುಡ್ಬೆಕಿಯಾಕ್ಕೆ ಗೂಟ ಬೇಡ. ಕವಲೊಡೆದ ಒಣ ಕಡ್ಡಿ ನಾಲ್ಕೈದನ್ನು ಬುಡದ ಸುತ್ತ 6 ಇಂಚು ಆಳಕ್ಕೆ ಚುಚ್ಚಿ, ತುದಿಗಳನ್ನು ಒಳಕ್ಕೆ ಬಗ್ಗಿಸಿ ಹೆಣೆಯಿರಿ. ಕಡ್ಡಿಗಳ ಎತ್ತರ, ಗಿಡದ ಪೂರ್ತಿ ಎತ್ತರದ ಮೂರರಲ್ಲಿ ಎರಡು ಪಾಲಿರಲಿ. ಕಾಂಡಗಳು ಆ ಬಲೆಯೊಳಗಿಂದ ಏರುತ್ತವೆ. ಎಲೆ ತುಂಬಿದ ಮೇಲೆ ಕಡ್ಡಿ ಕಾಣುವುದೇ ಇಲ್ಲ.

ಡೇಲಿಯಾಕ್ಕೆ ಮಾತ್ರ ದಪ್ಪ ಗೂಟ, ಅದೂ ಗಡ್ಡೆ ನೆಡುವಾಗಲೇ. ಆಮೇಲೆ ಹೊಡೆದರೆ ಗಡ್ಡೆಗೆ ತೂತಾಗಿ ಕೊಳೆಯುತ್ತದೆ. ಈಗ ಬೇಕೇಬೇಕೆಂದರೆ ಬುಡದಿಂದ 8 ಇಂಚು ದೂರ ಹೊಡೆಯಿರಿ. ಸೆಣಬಿನ ದಾರವನ್ನು ಇಂಗ್ಲಿಷ್ ಅಂಕಿ 8ರಂತೆ ಸುತ್ತಿ, ಗಂಟು ಗೂಟದ ಕಡೆಗೆ ಬರಲಿ. ಕಾಂಡದ ಸುತ್ತ ಬೆರಳು ಆಡುವಷ್ಟು ಸಡಿಲ ಬಿಡಿ. ಬಿಗಿದರೆ ದಾರ ಕಾಂಡವನ್ನು ಕೊರೆದು, ಗಾಳಿಗೆ ಅಲ್ಲೇ ಮುರಿಯುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಈಗಾಗಲೇ ಬಿದ್ದವನ್ನು ಎತ್ತಿ ಕಟ್ಟಬಹುದೇ? ಖಾಲಿ ಜಾಗಕ್ಕೆ ಇನ್ನಷ್ಟು ಗಿಡ ನೆಡಲೇ?

ಉತ್ತರ: ಬಿದ್ದ ಕಾಂಡದ ತುದಿ ಒಂದೆರಡು ದಿನದಲ್ಲೇ ಮೇಲಕ್ಕೆ ತಿರುಗಿರುತ್ತದೆ. ಆಮೇಲೆ ಎತ್ತಿ ಕಟ್ಟಿದರೆ ಕತ್ತು ಸೊಟ್ಟಗೇ ಉಳಿಯುತ್ತದೆ. ಆ ಹೂಗಳನ್ನು ಕೊಯ್ದು ಹೂದಾನಿಗೆ ಇಡಿ. ಮುಂದಿನ ಸಲ ಸೇವಂತಿಗೆ 6–8 ಇಂಚು ಇರುವಾಗ ಕುಡಿ ಚಿವುಟಿ, ಪಕ್ಕದ ಕವಲುಗಳೂ ಅಷ್ಟೇ ಬೆಳೆದಾಗ ಮತ್ತೊಮ್ಮೆ. ರುಡ್ಬೆಕಿಯಾ ಒಂದೂವರೆ ಅಡಿಯಾದಾಗ, ಮೊಗ್ಗು ಬರುವ ಮೊದಲೇ, ಮೂರನೇ ಒಂದು ಭಾಗ ಕತ್ತರಿಸಿ. ಹೂ ಕೆಲವು ವಾರ ತಡ, ಆದರೆ ಗಿಡ ಗಿಡ್ಡವಾಗಿ ಗಟ್ಟಿ ನಿಲ್ಲುತ್ತದೆ. ಡೆಲ್ಫಿನಿಯಂನಂತೆ ಒಂದೇ ಉದ್ದ ತೆನೆ ಬಿಡುವ ಗಿಡಗಳ ಕುಡಿಯನ್ನು ಮುಟ್ಟಲೇಬೇಡಿ, ಆ ತೆನೆಯೇ ಹೋಗುತ್ತದೆ.

ಇನ್ನೊಬ್ಬರ ಉತ್ತರ: ಖಾಲಿ ಜಾಗದ ಬಗ್ಗೆ ನನ್ನದೊಂದು ಮಾತು. ಬಹುವಾರ್ಷಿಕ ಗಿಡ ಮೊದಲ ವರ್ಷ ಬೇರು ಬಿಡುತ್ತದೆ, ಮೂರನೇ ವರ್ಷಕ್ಕೆ ಮೈತುಂಬಿಕೊಳ್ಳುತ್ತದೆ. ಈಗ ಒತ್ತೊತ್ತಾಗಿ ನೆಟ್ಟರೆ ಆಗ ಅರ್ಧ ಕಿತ್ತು ಹಾಕಬೇಕಾದೀತು. ಸದ್ಯಕ್ಕೆ ಗಿಡ್ಡ ಜಾತಿಯ ಚೆಂಡುಹೂ ಹಾಕಿ, ಬುಡಗಳಿಂದ ಒಂದಡಿ ಬಿಟ್ಟು. ಉಳಿದ ಮಣ್ಣಿಗೆ 2 ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಬುಡ ಕೊಳೆಯುತ್ತದೆ. ದಿನಾ ಚಿಮುಕಿಸುವ ನೀರಿಗೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಅಂತಹ ಗಿಡ ಬುಡಸಮೇತ ವಾಲುತ್ತದೆ. ಮೇಲಿನ ಎರಡಿಂಚು ಒಣಗಿದ ಮೇಲೆ, 6 ಇಂಚು ಆಳಕ್ಕೆ ಇಳಿಯುವಷ್ಟು ನೀರನ್ನು ಒಂದೇ ಸಲ ಕೊಡಿ.