ಒಂದು ಫಾರ್ವರ್ಡ್, ಬಳ್ಳಾರಿ ಡಿಗ್ರಿ ಬ್ಯಾಚಿನ ಗುಂಪಿನಲ್ಲಿ

ಬಸವರಾಜ (ಫಾರ್ವರ್ಡ್): "ಹುಡುಗಿ ತಾನಾಗಿ ಅವನ ರೂಮಿಗೆ ಹೋದಳು. ಬೇಡ ಅನ್ನಲಿಲ್ಲ. ಆಮೇಲೆ ದೂರು ಕೊಟ್ಟರೆ ತಪ್ಪು ಯಾರದ್ದು? ಗಂಡುಮಕ್ಕಳ ತಂದೆ ತಾಯಿ ಎಲ್ಲರೂ ಓದಿ."

ಬಸವರಾಜ: ಮಗ ಈ ವರ್ಷ ಹಾಸ್ಟೆಲ್ ಸೇರಿದ್ದಾನೆ. ಓದಿ ಹೆದರಿಕೆ ಆಯಿತು. ಸರಿಯಾಗಿ ಬರೆದಿದ್ದಾರೆ ಅಲ್ವಾ?

ಈರಣ್ಣ: ನೂರಕ್ಕೆ ನೂರು. ಇಷ್ಟ ಇಲ್ಲದಿದ್ದರೆ ಕೂಗಬೇಕಿತ್ತು.

ಸುಜಾತಾ: ಇಲ್ಲ ಈರಣ್ಣ. ಕೂಗಲಿಲ್ಲ, ತಳ್ಳಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಳು ಅಂತ ಆಗುವುದಿಲ್ಲ. ಅತ್ಯಾಚಾರದ ಕಾನೂನಿಗೆ 2013ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಇದನ್ನು ಬರೆದರು. ಹಳೆಯ ಐಪಿಸಿ ಬದಲು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಮಾತಲ್ಲೋ ಸನ್ನೆಯಲ್ಲೋ, ಸ್ಪಷ್ಟವಾಗಿ, ತಾನಾಗಿ ಒಪ್ಪಿರಬೇಕು. ಕುಡಿದು ಏನು ನಡೆಯುತ್ತಿದೆ ಅಂತಾನೇ ತಿಳಿಯದಾಗ ಹೂಂ ಅಂದರೂ ಲೆಕ್ಕಕ್ಕಿಲ್ಲ. ಇನ್ನು 18 ತುಂಬದಿದ್ದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ. ಅವಳು ಒಪ್ಪಿದ್ದರೂ ಅಪರಾಧವೇ.

ಬಸವರಾಜ: ಕಾನೂನು ಬಿಡು ಸುಜಾತಾ. ಬೇಡ ಅನ್ನೋಕೆ ಈಗಿನ ಮಕ್ಕಳಿಗೆ ಬಾಯಿ ಇಲ್ವಾ?

ಸುಜಾತಾ: ಬಾಯಿ ಇದೆ, ಮುಚ್ಚಿಸುವವರು ಜಾಸ್ತಿ. "ಅಷ್ಟು ಒಳ್ಳೆಯ ಹುಡುಗ, ಯಾಕೆ ಸತಾಯಿಸ್ತೀಯ" ಅಂತ ಗೆಳತಿಯರೇ ಹೇಳುತ್ತಾರೆ. ಒಲ್ಲೆ ಅಂದರೆ "ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಅವನು ಮುನಿಸಿಕೊಳ್ಳುತ್ತಾನೆ. ಇಬ್ಬರ ಫೋಟೊ ಅವನ ಫೋನಿನಲ್ಲಿದೆ. ಮನೆಗೆ ಗೊತ್ತಾದರೆ ಓದು ಬಿಡಿಸಿ ಮದುವೆ ಮಾಡುತ್ತಾರೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಂದ ಬೆಳಗ್ಗೆ ಬಸ್ ಹಿಡಿದು ಬರುವ ಹುಡುಗಿಯರಿಗೆ ಈ ಭಯವೇ ದೊಡ್ಡದು. ನಾನು ದಿನಾ ಪಾಠ ಮಾಡುವುದು ಅವರಿಗೇ. ಇಷ್ಟರ ನಡುವೆ ಸಿಕ್ಕಿ ಸುಮ್ಮನಾದವಳನ್ನು ಒಪ್ಪಿದಳು ಅನ್ನಬೇಡಿ. ನನಗೆ ಸಂಕಟವಾಗುತ್ತದೆ.

ರೇಷ್ಮಾ: ಹುಡುಗರನ್ನೂ ಬಿಡುವುದಿಲ್ಲ. "ಇನ್ನೂ ಏನೂ ಆಗಿಲ್ವಾ" ಅಂತ ರೂಮ್‌ಮೇಟ್‌ಗಳು ಛೇಡಿಸುತ್ತಾರೆ. ಮರ್ಯಾದೆಗೆ ಅಂಜಿ ಒಬ್ಬ ಆಗದ್ದನ್ನೂ ಆಯ್ತು ಅಂತಾನೆ. ಕೇಳಿದವನು ತಾನೊಬ್ಬನೇ ಹಿಂದೆ ಬಿದ್ದೆ ಅಂದುಕೊಳ್ಳುತ್ತಾನೆ. ಬೆನ್ನು ಬಿದ್ದರೆ ಹುಡುಗಿ ಒಲಿಯುತ್ತಾಳೆ ಅಂತ ಸಿನಿಮಾ ಬೇರೆ ಕಲಿಸಿದೆ.

ಈರಣ್ಣ: ಹಾಗಾದರೆ ಸುಳ್ಳು ಕೇಸೇ ಇಲ್ವಾ?

ಸುಜಾತಾ: ಇಲ್ಲ ಅಂದವರು ಯಾರು? ತನಿಖೆ, ಕೋರ್ಟು ಇರೋದು ಅದಕ್ಕೇ. ಆದರೆ ಈ ಮೆಸೇಜು ಓದಿದ ಹುಡುಗ ಏನು ಕಲಿಯುತ್ತಾನೆ? ಕೇಳದೇ ಮುಂದುವರಿಯಬಹುದು ಅಂತ. ಇಷ್ಟ ಇದೆಯಾ ಅಂತ ಬಾಯಿಬಿಟ್ಟು ಕೇಳು, ಅವಳು ತಡವರಿಸಿದರೆ ನಿಲ್ಲಿಸು ಅಂತ ಹೇಳಿಕೊಡೋಣ.

ಈರಣ್ಣ: ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸಿಕ್ಕಾಗ ಮಾತಾಡೋಣ.

ಬಸವರಾಜ: ಕಾಲೇಜಿನಲ್ಲಿ ಇದಕ್ಕೆಲ್ಲ ಯಾರಿರುತ್ತಾರೆ?

ಸುಜಾತಾ: ಆಂತರಿಕ ದೂರು ಸಮಿತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮದ ಪ್ರಕಾರ ಇರಲೇಬೇಕು. ಹುಡುಗರೂ ಅಲ್ಲಿ ದೂರು ಕೊಡಬಹುದು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮಗನಿಗೆ ಗೊತ್ತಾ, ಕೇಳು.

ಬಸವರಾಜ: ರಾತ್ರಿ ಫೋನ್ ಮಾಡ್ತೀನಿ. ಆದರೆ ಅಪ್ಪನಾಗಿ ಈ ಮಾತು ಹೇಗೆ ಶುರು ಮಾಡಲಿ?

ಸುಜಾತಾ: ಕೇಸು, ಪೊಲೀಸು ಅಂತ ಶುರು ಮಾಡಬೇಡ. ರೂಮಿನಲ್ಲಿ ಹುಡುಗಿಯರ ಬಗ್ಗೆ ಏನೇನು ಮಾತಾಡುತ್ತಾರೆ ಅಂತ ಕೇಳು. ಅವನು ಹೇಳುವಷ್ಟು ಹೇಳಲಿ, ನಡುವೆ ಬೈಯಬೇಡ.